ಪಕ್ಕದೂರಿನ ಕ್ಲಬ್ ಮುಳುಗಿದಾಗ ನಕ್ಕವರಿಗೆ: ಕಂಠೀರವದ ಗೆಳೆಯರಿಗೊಂದು ಬಹಿರಂಗ ಪತ್ರ

ಪ್ರೀತಿಯ ಗೆಳೆಯರೇ,

ಹೈದರಾಬಾದ್ ಎಫ್‌ಸಿ ಅನ್ನುವ ಫುಟ್‌ಬಾಲ್ ಕ್ಲಬ್ ಈಗ ಹೈದರಾಬಾದಿನಲ್ಲಿ ಇಲ್ಲ. ಗಚ್ಚಿಬೌಲಿಯಲ್ಲಿ ಹಳದಿ ಜೆರ್ಸಿ ತೊಟ್ಟು ಆಡುತ್ತಿದ್ದ ತಂಡ 2025ರಲ್ಲಿ ಗಂಟುಮೂಟೆ ಕಟ್ಟಿಕೊಂಡು ದೆಹಲಿಗೆ ಹೋಯಿತು. ಹೆಸರೂ ಬದಲಾಯಿತು. ಈಗ ಅದು ಸ್ಪೋರ್ಟಿಂಗ್ ಕ್ಲಬ್ ದೆಹಲಿ. ಇದು ನಿಮಗೆಲ್ಲ ಗೊತ್ತಿರುವ ಸುದ್ದಿ. ಆ ಸುದ್ದಿಗಿಂತ, ಅದರ ಬಗ್ಗೆ ನಮ್ಮ ಬೆಂಗಳೂರು ಎಫ್‌ಸಿ ಅಭಿಮಾನಿಗಳ ನಡುವೆ ಓಡಾಡುತ್ತಿರುವ ಮಾತುಗಳ ಬಗ್ಗೆ ನನಗೆ ಸ್ವಲ್ಪ ಹೇಳುವುದಿದೆ.

ಪಂದ್ಯ ಮುಗಿದು ಕಂಠೀರವದಿಂದ ಹೊರಬಿದ್ದು ಟೀ ಕುಡಿಯುತ್ತಾ ನಿಂತಾಗ ಈ ಮಾತು ಬಂದೇ ಬರುತ್ತದೆ. "ಅದೇನು ಕ್ಲಬ್ಬಾ? ಪುಣೆಯಲ್ಲಿ ಮುಚ್ಚಿ ಹೈದರಾಬಾದಿಗೆ ಬಂತು, ಅಲ್ಲಿ ಮುಚ್ಚಿ ದೆಹಲಿಗೆ ಹೋಯಿತು, ಹೋಗಲಿ ಬಿಡು" ಅಂತ ಒಬ್ಬರು. "ಕಪ್ ಗೆಲ್ಲೋಕೆ ದುಡ್ಡಿತ್ತು, ಸಂಬಳ ಕೊಡೋಕೆ ಇರಲಿಲ್ವಾ, ಅನುಭವಿಸಲಿ" ಅಂತ ಇನ್ನೊಬ್ಬರು. ಅಷ್ಟರಲ್ಲಿ ಯಾರಾದರೂ ಒಬ್ಬರು ಗ್ಲಾಸ್ ಎತ್ತಿ, "ಮುಂದಿನ ಸರದಿ ಕೊಚ್ಚೀದು" ಅಂತ ಹಾರೈಸುತ್ತಾರೆ. ಎಲ್ಲರೂ ನಗುತ್ತಾರೆ. ಕೊಚ್ಚಿಯ ಕೇರಳ ಬ್ಲಾಸ್ಟರ್ಸ್ ನಮ್ಮ ಎದುರಾಳಿ, ಅವರ ಹೆಸರು ಬಂದರೆ ನಗದೆ ಇರಲು ನಮಗೆ ಆಗುವುದೂ ಇಲ್ಲ.

ಎದುರಾಳಿಯನ್ನು ಗೇಲಿ ಮಾಡಬೇಡಿ ಅಂತ ನಾನು ಹೇಳುತ್ತಿಲ್ಲ. ಗೇಲಿ ಇಲ್ಲದ ಗ್ಯಾಲರಿಗೆ ಯಾರು ಬರುತ್ತಾರೆ? ಎದುರಿನ ಗೋಲ್‌ಕೀಪರ್ ಚೆಂಡು ಒದೆಯಲು ಹಿಂದೆ ಸರಿದಾಗ ನಾವೆಲ್ಲ ಸೇರಿ ಎಳೆಯುವ ರಾಗ ನನಗೂ ಇಷ್ಟ. ಆದರೆ ಒಂದು ಕ್ಲಬ್ಬಿನ ಸಂಬಳ ನಿಂತಾಗ ಒಳಗೆ ಏನೇನು ಆಗುತ್ತದೆ ಅಂತ ಒಮ್ಮೆ ನೋಡೋಣ. ಆಮೇಲೆ ನಗುವುದೋ ಬಿಡುವುದೋ ನಿಮಗೆ ಬಿಟ್ಟದ್ದು.

2022ರ ಮಾರ್ಚ್ 20 ನೆನಪಿದೆಯಾ? ಗೋವಾದ ಫತೋರ್ಡಾದಲ್ಲಿ ಐಎಸ್‌ಎಲ್, ಅಂದರೆ ಇಂಡಿಯನ್ ಸೂಪರ್ ಲೀಗ್ ಫೈನಲ್. ಕೇರಳ ಬ್ಲಾಸ್ಟರ್ಸ್ ಮೊದಲು ಗೋಲು ಹೊಡೆದು, ಇನ್ನೇನು ಕಪ್ ತಮ್ಮದು ಅಂದುಕೊಂಡಿತ್ತು. 88ನೇ ನಿಮಿಷದಲ್ಲಿ ಸಾಹಿಲ್ ತಾವೋರಾ ದೂರದಿಂದ ಒದ್ದ ಚೆಂಡು ಬಲೆ ಸೇರಿತು. ಪಂದ್ಯ ಪೆನಾಲ್ಟಿಗೆ ಹೋಯಿತು. ಹೈದರಾಬಾದಿನ ಗೋಲ್‌ಕೀಪರ್ ಲಕ್ಷ್ಮೀಕಾಂತ ಕಟ್ಟೀಮನಿ ಮೂರು ಹೊಡೆತ ತಡೆದರು. ಹೈದರಾಬಾದ್ ಚಾಂಪಿಯನ್. ಅವತ್ತು ರಾತ್ರಿ ನಾವೆಲ್ಲ ಅರ್ಧ ಹೈದರಾಬಾದಿಗರೇ ಆಗಿದ್ದೆವು, ಸುಳ್ಳು ಹೇಳಬೇಡಿ. ಆ ವರ್ಷ ಅವರ ಸ್ಟ್ರೈಕರ್ ಒಗ್ಬೆಚೆ ಒಬ್ಬರೇ 18 ಗೋಲು ಹೊಡೆದಿದ್ದರು. ಕೋಚ್ ಮನೋಲೊ ಮಾರ್ಕೆಸ್ ಹುಡುಗರನ್ನು ನಂಬಿ ಆಡಿಸುತ್ತಿದ್ದರು. ಮುಂದಿನ ವರ್ಷವೂ ಅವರು ಪಟ್ಟಿಯಲ್ಲಿ ಎರಡನೆಯವರು.

ಅದರ ಮುಂದಿನ ಸೀಸನ್, ಅಂದರೆ 2023-24ರಲ್ಲಿ, ಅದೇ ಕ್ಲಬ್ 22 ಪಂದ್ಯಗಳಲ್ಲಿ ಗೆದ್ದದ್ದು ಒಂದೇ ಒಂದು. ಎಂಟು ಅಂಕ. ಕೊನೆಯ ಸ್ಥಾನ. ಆಟ ಮರೆತು ಹೀಗಾದದ್ದಲ್ಲ. ಸಂಬಳ ಬಾಕಿ ಬಿತ್ತು. ಹಳೆಯ ಆಟಗಾರರು ಬಾಕಿಗಾಗಿ ಫೀಫಾ ಕದ ತಟ್ಟಿದರು. ಹೊಸಬರನ್ನು ನೋಂದಾಯಿಸಬಾರದು ಅಂತ ಫೀಫಾ ತಡೆ ಹಾಕಿತು. ವಿದೇಶಿ ಆಟಗಾರರು ಒಬ್ಬೊಬ್ಬರಾಗಿ ವಿಮಾನ ಹತ್ತಿದರು. ಉಳಿದದ್ದು ಹದಿಹರೆಯದ ಹುಡುಗರು ಮತ್ತು ಕೋಚ್ ತಂಗ್‌ಬೋಯ್ ಸಿಂಗ್ಟೊ. ಆ ಮನುಷ್ಯ ಏನೂ ಇಲ್ಲದ ತಂಡ ಕಟ್ಟಿಕೊಂಡು ಪ್ರತಿ ವಾರ ಮೈದಾನಕ್ಕೆ ಬಂದರು. ಸೋತರು, ಮತ್ತೆ ಬಂದರು. ನನ್ನ ಪ್ರಕಾರ ಆ ವರ್ಷದ ಅತ್ಯುತ್ತಮ ಕೋಚ್ ಅವರೇ. ಪ್ರಶಸ್ತಿ ಕೊಡುವವರು ಅಂಕಪಟ್ಟಿ ನೋಡುತ್ತಾರೆ, ಏನು ಮಾಡೋಕಾಗುತ್ತೆ.

ಸಂಬಳ ನಿಲ್ಲುವುದು ಅಂದರೆ ಬರೀ ದೊಡ್ಡ ಆಟಗಾರರಿಗೆ ಕೋಟಿ ತಡವಾಗುವುದು ಅಂತ ನಾವು ಅಂದುಕೊಳ್ಳುತ್ತೇವೆ. ಅವರಿಗೆ ದಾರಿ ಇದೆ. ಎರಡು ತಿಂಗಳ ಸಂಬಳ ಬಾಕಿಯಾದರೆ ಕ್ಲಬ್ಬಿಗೆ 15 ದಿನದ ನೋಟಿಸ್ ಕೊಟ್ಟು, ಆಗಲೂ ದುಡ್ಡು ಬರದಿದ್ದರೆ ಒಪ್ಪಂದ ಮುರಿದು ಹೊರಡಬಹುದು ಅಂತ ಫೀಫಾ ನಿಯಮವೇ ಹೇಳುತ್ತದೆ. ಏಜೆಂಟ್ ಇರುತ್ತಾನೆ, ವಕೀಲ ಇರುತ್ತಾನೆ, ಇನ್ನೊಂದು ಕ್ಲಬ್ ಕಾಯುತ್ತಿರುತ್ತದೆ. ಆದರೆ ಜೆರ್ಸಿ ಒಗೆದು ಮಡಚಿ ಡ್ರೆಸ್ಸಿಂಗ್ ರೂಮಿನಲ್ಲಿ ನಂಬರ್ ಪ್ರಕಾರ ತೂಗುಹಾಕುವ ಕಿಟ್‌ಮ್ಯಾನ್‌ಗೆ ಯಾವ ಏಜೆಂಟ್ ಇದ್ದಾನೆ? ಮಸಾಜ್ ಮಾಡುವವರಿಗೆ, ಬಸ್ಸಿನ ಡ್ರೈವರಿಗೆ, ಹಾಸ್ಟೆಲ್ಲಿನಲ್ಲಿ ಹುಡುಗರಿಗೆ ಅಡುಗೆ ಮಾಡುವವರಿಗೆ? ಅವರ ಬಾಕಿ ಯಾವ ಫೀಫಾ ಕಟ್ಟೆಗೂ ಹೋಗುವುದಿಲ್ಲ.

ಇನ್ನೊಂದು ವಿಷಯ. ಆ ಕ್ಲಬ್ ಕುಸಿಯುತ್ತಿದ್ದಾಗ ಲಾಭ ಯಾರಿಗಾಯಿತು? 2024ರ ಜನವರಿಯಲ್ಲಿ ನಿಖಿಲ್ ಪೂಜಾರಿ ಮತ್ತು ಚಿಂಗ್ಲೆನ್‌ಸನಾ ಸಿಂಗ್ ಹೈದರಾಬಾದ್ ಬಿಟ್ಟು ಎಲ್ಲಿಗೆ ಬಂದರು? ನಮ್ಮಲ್ಲಿಗೆ. ಇಬ್ಬರೂ ಆ ಚಾಂಪಿಯನ್ ತಂಡದವರು. ಇವತ್ತು ಚಿಂಗ್ಲೆನ್‌ಸನಾ ಒಂದು ಟ್ಯಾಕಲ್ ಮಾಡಿದಾಗ ನಾವು ಎದ್ದು ನಿಂತು ಕೂಗುತ್ತೇವೆ. ಕೂಗೋಣ. ಆದರೆ ಅವರು ನಮ್ಮ ಡಿಫೆನ್ಸ್‌ಗೆ ಬಂದದ್ದು ಪಕ್ಕದ ಮನೆಯ ಒಲೆ ಆರಿದ್ದರಿಂದ ಅನ್ನುವುದು ನೆನಪಿರಲಿ. ಇದರಲ್ಲಿ ಬೆಂಗಳೂರು ಕ್ಲಬ್ಬಿನ ತಪ್ಪೇನಿಲ್ಲ. ಬಾಗಿಲು ತೆರೆದಿತ್ತು, ಕೆಲಸ ಬೇಕಿದ್ದವರು ಬಂದರು, ಅಷ್ಟೇ.

ನೆನಪಿಗೆ ಇನ್ನೊಂದು. 2024ರ ಸೆಪ್ಟೆಂಬರಿನಲ್ಲಿ ಜಿಂದಾಲ್ ಹೆಸರಿನ ಹೊಸ ಮಾಲೀಕರು ಬಂದ ಮೇಲೆ, ಅವಸರದಲ್ಲಿ ಜೋಡಿಸಿದ ತಂಡದ ಜೊತೆ ಹೈದರಾಬಾದ್ ಕಂಠೀರವಕ್ಕೆ ಬಂತು. ಆ ಮಾಲೀಕರು ಬಿಸಿ ಜಿಂದಾಲ್ ಗುಂಪಿನವರು, ನಮ್ಮ ಕ್ಲಬ್ಬಿನ ಮಾಲೀಕರಾದ ಜೆಎಸ್‌ಡಬ್ಲ್ಯೂ ಉಕ್ಕಿನ ಕಂಪನಿಯ ಜಿಂದಾಲರಲ್ಲ. ಈ ಗೊಂದಲ ಇನ್ನೂ ಎಷ್ಟೋ ಜನರಿಗಿದೆ. ನಾವು ಮೂರು ಸೊನ್ನೆಯಿಂದ ಗೆದ್ದೆವು. ಬೆಂಚಿನಿಂದ ಎದ್ದು ಬಂದ ಚೆಟ್ರಿ ಕೊನೆಗೆ ಎರಡು ಗೋಲು ಹೊಡೆದರು. ಸ್ಟೇಡಿಯಂ ಹುಚ್ಚೆದ್ದು ಹೋಯಿತು. ಗೆದ್ದ ಖುಷಿಗೆ ಕೊರತೆ ಇರಲಿಲ್ಲ. ಆದರೂ ಎರಡು ವರ್ಷದ ಹಿಂದೆ ನಮ್ಮನ್ನು ಬೆವರಿಳಿಸುತ್ತಿದ್ದ ತಂಡ ಇದೇನಾ ಅಂತ ಪಕ್ಕದವರು ಕೇಳಿದರು. ಅಂಥ ಗೆಲುವಿನ ರುಚಿ ಬೇಗ ಇಳಿದುಹೋಗುತ್ತದೆ, ಅಲ್ವಾ?

ಸರಿ, ಅವರ ಕಥೆ ಅಲ್ಲಿಗೆ ಬಿಡೋಣ. ನಮ್ಮದಕ್ಕೆ ಬರೋಣ.

2025ರ ಆಗಸ್ಟ್ ಮೊದಲ ವಾರ. ಮೊದಲ ತಂಡದ ಆಟಗಾರರು ಮತ್ತು ಸಿಬ್ಬಂದಿಯ ಸಂಬಳವನ್ನು ಮುಂದಿನ ಸೂಚನೆಯವರೆಗೆ ತಡೆಹಿಡಿಯುತ್ತೇವೆ ಅಂತ ಪ್ರಕಟಣೆ ಹೊರಡಿಸಿದ ಕ್ಲಬ್ ಯಾವುದು? ಬೆಂಗಳೂರು ಎಫ್‌ಸಿ. ಎರಡು ಬಾರಿ ಐ-ಲೀಗ್ ಗೆದ್ದ, 2016ರಲ್ಲಿ ಏಷ್ಯಾದ ಕ್ಲಬ್ಬುಗಳ ಎಎಫ್‌ಸಿ ಕಪ್ ಫೈನಲ್‌ಗೆ ಹೋದ ಮೊದಲ ಭಾರತೀಯ ಕ್ಲಬ್, 2019ರಲ್ಲಿ ರಾಹುಲ್ ಭೇಕೆ ಹೆಡರ್‌ನಿಂದ ಐಎಸ್‌ಎಲ್ ಎತ್ತಿದ ಕ್ಲಬ್. 2025ರ ಏಪ್ರಿಲ್‌ನಲ್ಲಷ್ಟೇ ಕೋಲ್ಕತ್ತಾದ ಸಾಲ್ಟ್ ಲೇಕ್‌ನಲ್ಲಿ ಮೋಹನ್ ಬಾಗಾನ್ ಎದುರು ಹೆಚ್ಚುವರಿ ಸಮಯದವರೆಗೂ ಹೋರಾಡಿ ಫೈನಲ್ ಸೋತಿದ್ದೆವು. ನಾಲ್ಕು ತಿಂಗಳೂ ತುಂಬಿರಲಿಲ್ಲ. ಮಕ್ಕಳ ತಂಡಗಳು, ಸಾಕರ್ ಸ್ಕೂಲ್‌ಗಳು ಮಾತ್ರ ಮೊದಲಿನಂತೆ ನಡೆಯುತ್ತವೆ ಅಂತ ಕ್ಲಬ್ ಹೇಳಿತು. ಅದೇ ವಾರ ಚೆನ್ನೈಯಿನ್ ಕೂಡ ಕೈ ಎತ್ತಿತು. ಒಡಿಶಾದಲ್ಲೂ ಅದೇ ಹಾಡು.

ಆಗ ನಮ್ಮನ್ನು ನೋಡಿ ಯಾರಾದರೂ ಕೊಚ್ಚಿಯಲ್ಲಿ ಚಹಾ ಗ್ಲಾಸ್ ಎತ್ತಿರಬಹುದು. ಎತ್ತಿದ್ದರೆ ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ನಮಗೆ ಯಾವ ಮುಖವಿದೆ ಹೇಳಿ.

"ನಮ್ಮದು ದೊಡ್ಡ ಕಂಪನಿ, ಉಕ್ಕಿನ ಕಂಪನಿ, ನಮಗೇನಾಗುತ್ತೆ" ಅನ್ನುವ ಧೈರ್ಯ ನಮ್ಮಲ್ಲಿ ಜಾಸ್ತಿ. ಈ ದೇಶದ ಫುಟ್‌ಬಾಲ್ ಇತಿಹಾಸ ನೋಡಿದರೆ ಆ ಧೈರ್ಯಕ್ಕೆ ಬುಡವೇ ಇಲ್ಲ. ಮಹೀಂದ್ರ ಯುನೈಟೆಡ್ ಎಂಥ ಕ್ಲಬ್! ಹಿಂದೆ ಮಹೀಂದ್ರ ಕಂಪನಿ ಇತ್ತು, ದುಡ್ಡಿಗೆ ಬರ ಇರಲಿಲ್ಲ. 2006ರಲ್ಲಿ ರಾಷ್ಟ್ರೀಯ ಲೀಗ್ ಗೆದ್ದಿತು. 2010ರಲ್ಲಿ ಮುಚ್ಚಿತು. ಪಂಜಾಬಿನ ಜೆಸಿಟಿ ಮೊಟ್ಟಮೊದಲ ರಾಷ್ಟ್ರೀಯ ಲೀಗ್ ಗೆದ್ದ ತಂಡ. ಬಟ್ಟೆ ಗಿರಣಿಯವರು ಕಟ್ಟಿದ್ದು. 2011ರಲ್ಲಿ ಅದೂ ಹೋಯಿತು. ಕೊಚ್ಚಿಯವರದೇ ಎಫ್‌ಸಿ ಕೊಚ್ಚಿನ್ 1997ರಲ್ಲಿ ಡ್ಯುರಾಂಡ್ ಕಪ್ ಗೆದ್ದು ಕೆಲವೇ ವರ್ಷಗಳಲ್ಲಿ ದುಡ್ಡಿಲ್ಲದೆ ಕಣ್ಮರೆಯಾಯಿತು. ನಮ್ಮ ಎಚ್‌ಎಎಲ್ 2012ರವರೆಗೂ ಐ-ಲೀಗ್ ಆಡಿದ್ದು ಇವತ್ತು ಎಷ್ಟು ಜನರಿಗೆ ನೆನಪಿದೆ? ಮಾಲೀಕ ದೊಡ್ಡವನಾದಷ್ಟೂ ಕ್ಲಬ್ ಅವನ ಲೆಕ್ಕದ ಪುಸ್ತಕದಲ್ಲಿ ಸಣ್ಣ ಸಾಲು. ಸಾಲು ಸಣ್ಣದಾದಷ್ಟೂ ಹೊಡೆದುಹಾಕುವುದು ಸುಲಭ.

ಲೆಕ್ಕ ಏನಪ್ಪಾ ಅಂದರೆ, ಐಎಸ್‌ಎಲ್ ಕ್ಲಬ್‌ಗೆ ಬರುವ ದುಡ್ಡು ಟಿಕೆಟ್, ಜೆರ್ಸಿ, ಒಂದಿಷ್ಟು ಪ್ರಾಯೋಜಕರು, ಲೀಗಿನ ಕೇಂದ್ರ ಆದಾಯದಲ್ಲಿ ಪಾಲು. ಹೋಗುವ ದುಡ್ಡು ಇದೆಲ್ಲಕ್ಕಿಂತ ಎಷ್ಟೋ ಜಾಸ್ತಿ. ನಡುವಿನ ಹಳ್ಳವನ್ನು ಮಾಲೀಕರು ವರ್ಷಾ ವರ್ಷಾ ಕಿಸೆಯಿಂದ ತುಂಬುತ್ತಾರೆ. ಬೇಸರವಾದ ದಿನ ನಿಲ್ಲಿಸುತ್ತಾರೆ. ಇಡೀ ಲೀಗ್ ನಿಂತಿದ್ದದ್ದು 2010ರಲ್ಲಿ ಭಾರತ ಫುಟ್‌ಬಾಲ್ ಒಕ್ಕೂಟ ಮಾಡಿಕೊಂಡ ಒಂದು 15 ವರ್ಷದ ಒಪ್ಪಂದದ ಮೇಲೆ. ಒಟ್ಟು 700 ಕೋಟಿ. ಅದರ ಅವಧಿ 2025ರ ಡಿಸೆಂಬರ್‌ಗೆ ಮುಗಿಯುತ್ತದೆ ಅಂತ ಸಹಿ ಹಾಕಿದ ದಿನವೇ ಎಲ್ಲರಿಗೂ ಗೊತ್ತಿತ್ತು. ಆದರೂ ಮುಂದೇನು ಅಂತ ತೀರ್ಮಾನವಾಗಲಿಲ್ಲ. 2025ರ ಜುಲೈನಲ್ಲಿ ಲೀಗ್ ನಡೆಸುವವರು ಕೈಬಿಟ್ಟರು. ಶರತ್ಕಾಲದಲ್ಲಿ ಹೊಸ ಟೆಂಡರ್ ಕರೆದರೆ ನವೆಂಬರಿನ ಗಡುವಿನೊಳಗೆ ಒಂದೇ ಒಂದು ಬಿಡ್ ಬರಲಿಲ್ಲ. ಕೊನೆಗೆ 2026ರ ಜನವರಿಯಲ್ಲಿ ಕೇಂದ್ರ ಕ್ರೀಡಾ ಸಚಿವರು ಮಧ್ಯೆ ಬಂದು, 14 ಕ್ಲಬ್, 91 ಪಂದ್ಯ, ಫೆಬ್ರವರಿಯಿಂದ ಶುರು ಅಂತ ಘೋಷಿಸಬೇಕಾಯಿತು. ಪ್ರತಿ ತಂಡಕ್ಕೆ 13 ಪಂದ್ಯ. ಶಾಲೆಯ ಮಕ್ಕಳಿಗೂ ಇದಕ್ಕಿಂತ ಜಾಸ್ತಿ ಪಂದ್ಯ ಸಿಗುತ್ತವೆ.

ಇಂಥ ಸ್ಥಿತಿಯಲ್ಲಿ ಹೈದರಾಬಾದ್ ಒಂದೇ ದಾರಿ ತಪ್ಪಿದ ಕ್ಲಬ್ ಅಂತ ಹೇಗೆ ಹೇಳುವುದು? 2025ರ ಜನವರಿಯಲ್ಲಿ ಸಂಬಳ ಬಾರದೆ ಕೋಲ್ಕತ್ತಾದ ಮೊಹಮ್ಮಡನ್ ಸ್ಪೋರ್ಟಿಂಗ್‌ನ ಕೋಚ್ ಕೆಲಸ ಬಿಟ್ಟು ಹೋದರು. ನೂರು ವರ್ಷ ದಾಟಿದ ಕ್ಲಬ್ ಅದು. ಬಾಡಿಗೆ ಕ್ಲಬ್ ಅಂತ ಅದನ್ನೂ ಹೀಗಳೆಯುತ್ತೀರಾ?

ಎದುರಾಳಿ ಸತ್ತರೆ ನಾವು ಗೆದ್ದಂತೆ ಅಂದುಕೊಳ್ಳುವವರು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಕಥೆ ಕೇಳಬೇಕು. 2012ರ ಫೆಬ್ರವರಿ 14. 1872ರಲ್ಲಿ ಹುಟ್ಟಿ 54 ಬಾರಿ ಲೀಗ್ ಗೆದ್ದಿದ್ದ ರೇಂಜರ್ಸ್ ಕ್ಲಬ್ಬಿನ ಆಡಳಿತ, ಸಾಲದಲ್ಲಿ ಮುಳುಗಿದ ಕಂಪನಿಗಳನ್ನು ನೋಡಿಕೊಳ್ಳುವ ಆಡಳಿತಾಧಿಕಾರಿಗಳ ಕೈಗೆ ಹೋಯಿತು. ಹಿಂದಿನ ವರ್ಷವಷ್ಟೇ ಕ್ರೇಗ್ ವೈಟ್ ಅನ್ನುವವರು ಆ ಕ್ಲಬ್ಬನ್ನು ಒಂದು ಪೌಂಡಿಗೆ ಕೊಂಡಿದ್ದರು. ಬ್ಯಾಂಕ್ ಸಾಲ ತೀರಿಸಿದ್ದು ಹೇಗೆ ಗೊತ್ತಾ? ಮುಂದಿನ ವರ್ಷಗಳ ಸೀಸನ್ ಟಿಕೆಟ್ ದುಡ್ಡನ್ನು ಮೊದಲೇ ಮಾರಿ. ಅಭಿಮಾನಿ ಇನ್ನೂ ಜೇಬಿನಿಂದ ತೆಗೆಯದ ದುಡ್ಡು ಆಗಲೇ ಖರ್ಚಾಗಿತ್ತು. ತೆರಿಗೆ ಇಲಾಖೆ ರಾಜಿಗೆ ಒಪ್ಪಲಿಲ್ಲ. ಕಂಪನಿ ಮುಳುಗಿತು.

ಎದುರಾಳಿ ಸೆಲ್ಟಿಕ್ ಅಭಿಮಾನಿಗಳು ಜೆಲ್ಲಿ, ಐಸ್‌ಕ್ರೀಮ್ ತಿಂದು ಹಬ್ಬ ಮಾಡಿದರು. ಚಿಕ್ಕ ಮಕ್ಕಳ ಹುಟ್ಟುಹಬ್ಬದ ಥರ. ನೂರು ವರ್ಷಕ್ಕಿಂತ ಹಳೆಯ ಹಗೆ, ಅದರಲ್ಲಿ ಧರ್ಮ, ರಾಜಕೀಯ ಎಲ್ಲ ಸೇರಿದೆ, ಹಾಗಾಗಿ ನನಗೆ ಆಶ್ಚರ್ಯವಿಲ್ಲ. ಹೊಸ ಕಂಪನಿಯ ಹೆಸರಲ್ಲಿ ರೇಂಜರ್ಸ್ ಮೇಲಿನ ಲೀಗಿಗೇ ನೇರ ಬರಲಿ ಅಂತ ಪ್ರಸ್ತಾಪ ಬಂದಾಗ, ಬೇರೆ ಬೇರೆ ಕ್ಲಬ್ಬುಗಳ ಅಭಿಮಾನಿಗಳು ಸಿಡಿದೆದ್ದರು. ಬಿಟ್ಟುಕೊಂಡರೆ ಟಿಕೆಟ್ ಕೊಳ್ಳುವುದಿಲ್ಲ ಅಂತ ತಮ್ಮ ತಮ್ಮ ಕ್ಲಬ್ಬಿಗೆ ಖಡಕ್ಕಾಗಿ ಹೇಳಿದರು. ಜುಲೈನಲ್ಲಿ ಕ್ಲಬ್ಬುಗಳ ಮತ ಬಿದ್ದಾಗ ಪ್ರಸ್ತಾಪದ ಪರ ಒಂದೇ ಮತ. ವಿರುದ್ಧ ಹತ್ತು. ರೇಂಜರ್ಸ್ ನಾಲ್ಕನೇ ದರ್ಜೆಯಿಂದ ಶುರುಮಾಡಬೇಕಾಯಿತು. ಇದು ನನಗೆ ತುಂಬ ಹಿಡಿಸಿದ ಭಾಗ. ಸಾಲ ಮಾಡಿ ಕಪ್ ಗೆದ್ದು, ಸಾಲ ಕೊಟ್ಟವರಿಗೆ ಟೋಪಿ ಹಾಕಿ, ಮತ್ತೆ ಅದೇ ಕುರ್ಚಿಯಲ್ಲಿ ಕೂರಲು ಬಿಡಬಾರದು ಅಂತ ಅಭಿಮಾನಿಗಳೇ ಕಟ್ಟಿದ ನ್ಯಾಯ ಅದು. ಹೈದರಾಬಾದಿನವರು ಕಪ್ ಗೆದ್ದು ಸಂಬಳ ಕೊಡಲಿಲ್ಲ, ಅದಕ್ಕೆ ಶಿಕ್ಷೆ ಬೇಡವಾ ಅಂತ ನೀವು ಕೇಳಿದರೆ, ಬೇಕು ಅಂತಲೇ ನಾನೂ ಹೇಳುತ್ತೇನೆ. ಆದರೆ ಶಿಕ್ಷೆ ಬೇರೆ, ಸಾವು ಬೇರೆ. ಗ್ಲಾಸ್ಗೋದಲ್ಲಿ ಕ್ಲಬ್ ಅದೇ ಊರಲ್ಲಿ, ಅದೇ ಮೈದಾನದಲ್ಲಿ, ಅದೇ ಬಣ್ಣದಲ್ಲಿ ಕೆಳಗಿನಿಂದ ಹತ್ತಿ ಬಂತು. 2023-24ರ ನಮ್ಮ ಐಎಸ್‌ಎಲ್‌ನಲ್ಲಿ ಕೊನೆಯ ಸ್ಥಾನಕ್ಕೆ ಕೆಳಗಿಳಿಯುವ ಶಿಕ್ಷೆಯೇ ಇರಲಿಲ್ಲ. ಎಂಟು ಅಂಕ ತೆಗೆದ ತಂಡ ಮುಂದಿನ ವರ್ಷವೂ ಅಲ್ಲೇ. ತಪ್ಪು ಮಾಡಿದ ಮಾಲೀಕರು ಮಾರಿ ಹೋದರು, ಕೊಂಡವರು ಊರು ಬದಲಿಸಿದರು, ಶಿಕ್ಷೆ ಬಿದ್ದದ್ದು ಟಿಕೆಟ್ ಕೊಂಡವರಿಗೆ.

ರೇಂಜರ್ಸ್ ಬಾಕಿ ಉಳಿಸಿಕೊಂಡವರ ಪಟ್ಟಿ ಹೊರಬಿದ್ದಾಗ ಅದರಲ್ಲಿ ಬರೀ ಬ್ಯಾಂಕು, ತೆರಿಗೆ ಇಲಾಖೆ ಇರಲಿಲ್ಲ. ಆಂಬುಲೆನ್ಸ್ ಸೇವೆಯವರಿಗೆ ಬಾಕಿ. ಪೇಪರ್ ಅಂಗಡಿಗೆ ಬಾಕಿ. ಮಕ್ಕಳ ಮುಖಕ್ಕೆ ಬಣ್ಣ ಬಳಿಯುವವರಿಗೂ ಬಾಕಿ. ಲಕ್ಷಾಂತರ ಪೌಂಡ್ ಸಂಬಳ ಎಣಿಸುತ್ತಿದ್ದ ಕ್ಲಬ್, ಮಗುವಿನ ಕೆನ್ನೆಗೆ ನೀಲಿ ಬಣ್ಣ ಹಚ್ಚಿದವರ ದುಡ್ಡು ಕೊಟ್ಟಿರಲಿಲ್ಲ. ಜೆಲ್ಲಿ ತಿನ್ನುವಾಗ ಇದನ್ನು ಯಾರು ನೆನೆಯುತ್ತಾರೆ.

ಆಮೇಲೇನಾಯಿತು? ನಾಲ್ಕು ಸೀಸನ್ ಸೆಲ್ಟಿಕ್‌ಗೆ ಲೀಗಿನಲ್ಲಿ ರೇಂಜರ್ಸ್ ಎದುರು ಪಂದ್ಯವೇ ಇಲ್ಲ. ಲೀಗ್ ಗೆದ್ದರು, ಮತ್ತೆ ಗೆದ್ದರು, ಕೇಳುವವರೇ ಇಲ್ಲ. ಗ್ಯಾಲರಿಯಲ್ಲಿ ಖಾಲಿ ಕುರ್ಚಿ ಕಾಣತೊಡಗಿದವು. 2016ರ ಏಪ್ರಿಲ್‌ನಲ್ಲಿ ಸ್ಕಾಟಿಷ್ ಕಪ್ ಸೆಮಿಫೈನಲ್‌ನಲ್ಲಿ ಎರಡನೇ ದರ್ಜೆಯ ರೇಂಜರ್ಸ್ ಬಂದು ಪೆನಾಲ್ಟಿಯಲ್ಲಿ ಸೆಲ್ಟಿಕ್ ಅನ್ನು ಸೋಲಿಸಿದಾಗ ಆ ಊರಿಗೆ ಮತ್ತೆ ಜೀವ ಬಂತು. ಸೋತವರಿಗೂ ಸೇರಿ.

ಈಗ ಕೊಚ್ಚಿ ಮಾತು. 2023ರ ಮಾರ್ಚ್ 3ರ ರಾತ್ರಿ ಕಂಠೀರವದಲ್ಲಿ ಇದ್ದವರು ಅದನ್ನು ಮೊಮ್ಮಕ್ಕಳಿಗೂ ಹೇಳುತ್ತಾರೆ. ನಾಕೌಟ್ ಪಂದ್ಯ, ಹೆಚ್ಚುವರಿ ಸಮಯದ 96ನೇ ನಿಮಿಷ. ನಮಗೆ ಫ್ರೀಕಿಕ್ ಸಿಕ್ಕಿತ್ತು. ಬ್ಲಾಸ್ಟರ್ಸ್ ಆಟಗಾರರು ಅಡ್ಡಗೋಡೆಯಾಗಿ ಇನ್ನೂ ನಿಂತಿರಲಿಲ್ಲ, ಚೆಟ್ರಿ ಮೆಲ್ಲಗೆ ಚೆಂಡು ಎತ್ತಿ ಬಲೆಗೆ ಹಾಕಿದರು. ಅವರ ಕೋಚ್ ವುಕೊಮನೋವಿಚ್ ತಮ್ಮ ಹುಡುಗರನ್ನು ಕರೆದುಕೊಂಡು ಮೈದಾನ ಬಿಟ್ಟೇ ಹೋದರು. ಕ್ಲಬ್ಬಿಗೆ ನಾಲ್ಕು ಕೋಟಿ ದಂಡ, ಅವರಿಗೆ 10 ಪಂದ್ಯ ನಿಷೇಧ. ಗೋಲು ಸರಿಯಾ ತಪ್ಪಾ ಅಂತ ಇವತ್ತಿಗೂ ಜಗಳ ಮುಗಿದಿಲ್ಲ. ಸರಿಯೇ, ಬಿಡಿ. ಆದರೆ ಆ ಹಳದಿ ಸಮುದ್ರ ಹೊಸೂರು ರಸ್ತೆಯಲ್ಲಿ ಬಸ್ಸುಗಟ್ಟಲೆ ಬರದಿದ್ದರೆ ಅದು ಯಾವ ರಾತ್ರಿ? ಕೊಚ್ಚಿಯ ಕ್ಲಬ್ ಇಲ್ಲದ ವರ್ಷದಲ್ಲಿ ನಾವು ಯಾರ ಮೇಲೆ ಹೊಟ್ಟೆ ಉರಿಸಿಕೊಳ್ಳುವುದು? ಅವರನ್ನು ಮೈದಾನದಲ್ಲಿ ಐದು ಸೊನ್ನೆಯಿಂದ ಸೋಲಿಸಲಿ ಅಂತ ಹರಕೆ ಹೊತ್ತುಕೊಳ್ಳಿ, ನಾನೂ ಕಾಸು ಹಾಕುತ್ತೇನೆ. ಮುಚ್ಚಲಿ ಅಂತ ಮಾತ್ರ ಬೇಡ.

ಹೈದರಾಬಾದ್ ಊರಿಗೆ ಫುಟ್‌ಬಾಲ್ ಸಂಸ್ಕೃತಿಯೇ ಇಲ್ಲ, ಹೋದದ್ದೇ ಒಳ್ಳೆಯದು ಅನ್ನುವವರಿಗೂ ಒಂದು ಮಾತು. ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ವರ್ಷ ರೋವರ್ಸ್ ಕಪ್ ಗೆದ್ದಿತ್ತು. ಅದನ್ನು ಕಟ್ಟಿದ್ದು ಸೈಯದ್ ಅಬ್ದುಲ್ ರಹೀಮ್. ಭಾರತಕ್ಕೆ 1951 ಮತ್ತು 1962ರ ಏಷ್ಯನ್ ಗೇಮ್ಸ್ ಚಿನ್ನ ತಂದ ಕೋಚ್. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ಏರಿದ ಅವರ ತಂಡದಲ್ಲಿ ನಮ್ಮ ಬೆಂಗಳೂರಿನ ಕೆಂಪಯ್ಯ ಇದ್ದರು. ನಮ್ಮೂರಿನ ಹುಡುಗನನ್ನು ಒಲಿಂಪಿಕ್ಸ್‌ನಲ್ಲಿ ಆಡಿಸಿದವರು ಹೈದರಾಬಾದಿನ ಮೇಷ್ಟ್ರು. ಅಂಥ ಊರಿನಲ್ಲಿ ಇವತ್ತು ಮೇಲಿನ ಲೀಗಿನ ಒಂದು ತಂಡ ಇಲ್ಲ.

ಅಲ್ಲಿ ಡೆಕ್ಕನ್ ಲೀಜನ್ ಅನ್ನುವ ಅಭಿಮಾನಿ ಬಳಗವೊಂದಿತ್ತು. ತಂಡ ಸೋಲುತ್ತಿದ್ದಾಗಲೂ ಖಾಲಿ ಸ್ಟೇಡಿಯಂನಲ್ಲಿ ಡ್ರಮ್ ಬಾರಿಸಿದವರು. ಅವರ ಪಾಡು ಏನು ಈಗ? ದೆಹಲಿ ತಂಡಕ್ಕೆ ಜೈ ಅನ್ನಬೇಕಾ? ಇದರ ವಿಚಿತ್ರ ನೋಡಿ. ದೆಹಲಿಯವರ ಹಳೆಯ ಡೈನಮೋಸ್ ತಂಡ 2019ರಲ್ಲಿ ಹೀಗೇ ಊರು ಬಿಟ್ಟು ಭುವನೇಶ್ವರಕ್ಕೆ ಹೋಗಿ ಒಡಿಶಾ ಎಫ್‌ಸಿ ಆಯಿತು. ಅದೇ ವರ್ಷ ಪುಣೆ ಸಿಟಿ ಮುಳುಗಿ ಆ ಜಾಗಕ್ಕೆ ಹೈದರಾಬಾದ್ ಬಂತು. ಒಂದೂರಿನ ಅಭಿಮಾನಿಯ ಕಣ್ಣೀರಿನ ಮೇಲೆ ಇನ್ನೊಂದೂರಿಗೆ ಕ್ಲಬ್. ಇಂಗ್ಲೆಂಡಿನಲ್ಲೂ ಒಮ್ಮೆ ಹೀಗೆ ಆಗಿತ್ತು. 2002ರಲ್ಲಿ ವಿಂಬಲ್ಡನ್ ಕ್ಲಬ್ಬಿಗೆ ಮಿಲ್ಟನ್ ಕೀನ್ಸ್‌ಗೆ ಹೋಗಲು ಒಪ್ಪಿಗೆ ಸಿಕ್ಕಿತು. ಊರಿನ ಅಭಿಮಾನಿಗಳು ಹೊರಟವರ ಹಿಂದೆ ಹೋಗಲಿಲ್ಲ. ಅದೇ ಬೇಸಿಗೆಯಲ್ಲಿ ತಾವೇ ಎಎಫ್‌ಸಿ ವಿಂಬಲ್ಡನ್ ಕಟ್ಟಿ, ಒಂಬತ್ತನೇ ದರ್ಜೆಯಿಂದ ಶುರುಮಾಡಿ, 2011ಕ್ಕೆ ಫುಟ್‌ಬಾಲ್ ಲೀಗ್ ಮುಟ್ಟಿದರು. 2020ರಲ್ಲಿ ತಮ್ಮ ಹಳೆಯ ಬೀದಿ ಪ್ಲೌ ಲೇನ್‌ಗೆ ವಾಪಸಾದರು. ಕ್ಲಬ್ ಈಗಲೂ ಅಭಿಮಾನಿಗಳ ಟ್ರಸ್ಟಿನ ಹಿಡಿತದಲ್ಲಿದೆ. ಹೈದರಾಬಾದಿನಲ್ಲಿ ಯಾರಾದರೂ ಅಂಥ ಹುಚ್ಚು ಸಾಹಸಕ್ಕೆ ಇಳಿದರೆ, ಅವರ ಮೊದಲ ಸ್ನೇಹಪೂರ್ವಕ ಪಂದ್ಯಕ್ಕೆ ನಾವು ಒಂದು ಬಸ್ ಮಾಡಿಕೊಂಡು ಹೋಗಬೇಕು.

ಇಲ್ಲಿ ನಾಲ್ಕು ಸಾಲು ಭಾರತ ಫುಟ್‌ಬಾಲ್ ಒಕ್ಕೂಟದವರಿಗೂ ಬರೆಯುತ್ತೇನೆ. ಈ ಪತ್ರ ಅವರ ಟೇಬಲ್ ಮುಟ್ಟಿದರೆ ಮುಟ್ಟಲಿ.

ಮಾನ್ಯರೇ, ಕ್ಲಬ್‌ಗಳಿಗೆ ನೀವು ಪ್ರತಿ ವರ್ಷ ಲೈಸೆನ್ಸ್ ಪರೀಕ್ಷೆ ನಡೆಸುತ್ತೀರಿ. ಅದರಲ್ಲಿ ಹಣಕಾಸಿನ ಭಾಗವೂ ಇದೆ. ಫೇಲ್ ಆದವರು ವಿನಾಯಿತಿ ಕೇಳುತ್ತಾರೆ, ಆಡುತ್ತಾರೆ. ಹಾಗಾದರೆ ಪರೀಕ್ಷೆ ಯಾಕೆ? ಸೀಸನ್ ಶುರುವಾಗುವ ಮೊದಲು ಪ್ರತಿ ಕ್ಲಬ್ಬಿನಿಂದ ಕೆಲವು ತಿಂಗಳ ಸಂಬಳಕ್ಕೆ ಸಾಕಾಗುವಷ್ಟು ಬ್ಯಾಂಕ್ ಗ್ಯಾರಂಟಿ ತೆಗೆದಿಡಿ. ಆಟಗಾರರದಷ್ಟೇ ಅಲ್ಲ, ಕಿಟ್‌ಮ್ಯಾನ್ ಸಂಬಳವೂ ಅದರಲ್ಲಿ ಸೇರಲಿ. ಮಾಲೀಕ ಕೈ ಎತ್ತಿದ ದಿನ ಆ ದುಡ್ಡು ನೇರವಾಗಿ ಅವರ ಖಾತೆಗೆ ಹೋಗಲಿ. ಯಾವ ಕ್ಲಬ್ ಯಾರಿಗೆ ಎಷ್ಟು ತಿಂಗಳ ಬಾಕಿ ಇಟ್ಟಿದೆ ಅನ್ನುವುದನ್ನು ನಿಮ್ಮ ಕಚೇರಿಯ ಕಡತದಲ್ಲಿ ಮುಚ್ಚಿಡದೆ ಪ್ರಕಟಿಸಿ. ಟಿಕೆಟ್ ಕೊಳ್ಳುವವರಿಗೆ ಗೊತ್ತಾಗಲಿ. ಊರು ಬದಲಿಸಲು ಅರ್ಜಿ ಹಾಕಿದ ಕ್ಲಬ್ಬಿಗೆ, ಹಳೆಯ ಊರಿನ ಬಾಕಿ ಪೂರ್ತಿ ತೀರಿಸದೆ, ಅಲ್ಲಿನ ಅಭಿಮಾನಿಗಳನ್ನು ಕೂರಿಸಿ ಮಾತನಾಡದೆ ಒಪ್ಪಿಗೆ ಕೊಡಬೇಡಿ. ಅಕಾಡೆಮಿಯ ಹುಡುಗರು ಆ ಊರಿನಲ್ಲೇ ಉಳಿದರೆ ಅವರಿಗೆ ಬೇರೆ ಕಡೆ ನೋಂದಣಿಗೆ ಅಡ್ಡಿಯಾಗದಂತೆ ನೋಡಿಕೊಳ್ಳಿ. ಕೆಳಗಿಳಿಯುವ ನಿಯಮ ತಪ್ಪದೆ ಪಾಲಿಸಿ. ಇದನ್ನೆಲ್ಲ ಮಾಡಿದರೆ ಹೊಸ ಮಾಲೀಕರು ಬರುವುದಿಲ್ಲ ಅಂತ ನೀವು ಹೇಳಬಹುದು. ಇಷ್ಟಕ್ಕೇ ಹೆದರುವ ಮಾಲೀಕರು ಬರದಿರುವುದೇ ಮೇಲು.

ಗೆಳೆಯರೇ, ಮತ್ತೆ ನಿಮಗೆ. ಈ ಬೇಡಿಕೆಗಳನ್ನು ಬೆಂಗಳೂರಿನವರು ಮಾತ್ರ ಕಳಿಸಿದರೆ ಕಸದ ಬುಟ್ಟಿಗೆ ಹೋಗುತ್ತದೆ. ಕೊಚ್ಚಿಯ ಬ್ಲಾಸ್ಟರ್ಸ್ ಅಭಿಮಾನಿ ಬಳಗ ಮಂಜಪ್ಪಡ, ಚೆನ್ನೈ ಬಳಗ, ಡೆಕ್ಕನ್ ಲೀಜನ್‌ನ ಹುಡುಗರು, ಎಲ್ಲರ ಸಹಿ ಇರುವ ಒಂದೇ ಮನವಿ ಹೋಗಬೇಕು. ಮಂಜಪ್ಪಡದವರ ಜೊತೆ ಮಾತನಾಡಲು ನಮ್ಮಲ್ಲಿ ಯಾರೂ ಮುಂದೆ ಬರುವುದಿಲ್ಲ ಅಂತ ಗೊತ್ತು. ಮಲಯಾಳಂ ಬರುವವರು ನಮ್ಮ ಬ್ಲಾಕಿನಲ್ಲೇ ಹತ್ತಾರು ಜನ ಇದ್ದೀರಿ, ಮನೆಯಲ್ಲಿ ಅಪ್ಪ ಬ್ಲಾಸ್ಟರ್ಸ್ ಕಡೆ, ಮಗ ನಮ್ಮ ಕಡೆ. ನಿಮ್ಮಲ್ಲಿ ಒಬ್ಬರು ಫೋನ್ ಹಚ್ಚಿ. ಮೊದಲ ಐದು ನಿಮಿಷ ಆ ಫ್ರೀಕಿಕ್ ಬಗ್ಗೆ ಬೈಯುತ್ತಾರೆ, ಕೇಳಿಸಿಕೊಳ್ಳಿ. ಆಮೇಲೆ ವಿಷಯ ತೆಗೆಯಿರಿ.

ನಮ್ಮ ಕ್ಲಬ್ಬಿನ ಆಡಳಿತಕ್ಕೂ ಇದೇ ಪ್ರಶ್ನೆ ಕೇಳೋಣ. 2025ರ ಆಗಸ್ಟ್‌ನಲ್ಲಿ ತಡೆಹಿಡಿದ ಸಂಬಳದ ಪೂರ್ತಿ ಲೆಕ್ಕವನ್ನು, ಸಿಬ್ಬಂದಿಯದನ್ನೂ ಸೇರಿಸಿ, ನಮ್ಮ ಮುಂದಿಡಿ ಅಂತ. ಸಭ್ಯವಾಗಿ, ಬ್ಯಾನರ್ ಬರೆದು, ಕನ್ನಡದಲ್ಲಿ. ಬ್ಯಾನರಿಗೆ ಬಟ್ಟೆ ನಾನು ತರುತ್ತೇನೆ. ಕೈಬರಹ ಚೆನ್ನಾಗಿರುವವರು ಮುಂದಿನ ಮನೆ ಪಂದ್ಯದ ದಿನ ಎರಡು ಗಂಟೆ ಮೊದಲೇ ಬನ್ನಿ.

ಇಂತಿ ನಿಮ್ಮವ,
ವೆಸ್ಟ್ ಬ್ಲಾಕಿನ ಒಬ್ಬ ಅಭಿಮಾನಿ